ಹೂಜಿ ತಾತನ ಎಡಗೈ

ನನಗೆ ಸ್ಟ್ರೋಕ್ ಆಗಿದೆ ಎಂದು ಮೊದಲು ಕಂಡುಹಿಡಿದವರು ಡಾಕ್ಟರಲ್ಲ, ನಮ್ಮ ಬೀದಿಯ ಮೂಲೆಯಲ್ಲಿ ಡೇರಿ ಇಟ್ಟಿರುವ ಹಿತೇಶ್. ಈ ದೇಶದಲ್ಲಿ ಡೇರಿ ಎಂದರೆ ಹಾಲಿನಿಂದ ಹಿಡಿದು ಹಲ್ಲುಪುಡಿಯವರೆಗೆ ಎಲ್ಲ ಸಿಗುವ ಮೂಲೆಯಂಗಡಿ. ಬೆಳಿಗ್ಗೆ ಕಾಫಿಗೆ ಹಾಲು ತರಲು ಹೋಗಿದ್ದೆ. ಹಿತೇಶ್ ನನ್ನ ಮುಖವನ್ನೇ ನೋಡಿ, "ಆಂಟಿ, ಒನ್ ಸ್ಮೈಲ್ ಪ್ಲೀಸ್" ಎಂದ.

ಎಪ್ಪತ್ತೈದು ದಾಟಿದ ಹೆಂಗಸನ್ನು ಬೆಳಿಗ್ಗೆ ಬೆಳಿಗ್ಗೆ ನಗು ಎಂದು ಕೇಳುವಷ್ಟು ಸಲಿಗೆ ಇವನಿಗೆ ಯಾರು ಕೊಟ್ಟರು ಎಂದು ಸಿಟ್ಟು ಬಂತು. ಗದರಿಸಲು ಬಾಯಿ ತೆರೆದೆ. ಹೊರಗೆ ಬಂದದ್ದು ಮಾತಾಗಿರಲಿಲ್ಲ. ಅಷ್ಟರಲ್ಲಿ ಬಲಗೈಯಲ್ಲಿದ್ದ ಹಾಲಿನ ಬಾಟಲಿ ನನ್ನನ್ನು ಒಂದು ಮಾತೂ ಕೇಳದೆ ನೆಲಕ್ಕೆ ಬಿತ್ತು. ಹಿತೇಶನ ತಾಯಿಗೂ ಹಿಂದೆ ಹೀಗೆಯೇ ಆಗಿತ್ತಂತೆ. ಅವನು ಕೌಂಟರ್ ಹಾರಿ ಬಂದು ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಆಂಬುಲೆನ್ಸಿಗೆ ಫೋನ್ ಮಾಡಿದ. ನನ್ನ ಕಾಯಿಲೆಯಲ್ಲಿ ಸಿಕ್ಕ ಮೊದಲ ದಯೆ ಅದು. ಅವನು ಅಷ್ಟು ಬೇಗ ಗುರುತಿಸಿದ್ದರಿಂದಲೇ ಇವತ್ತು ಬರೆಯುತ್ತಿದ್ದೇನೆ.

ಈಚೆಗೆ ನಮ್ಮ ಕನ್ನಡದವರೇ ಕೆಲವರು ಫೋನ್ ಮಾಡಿ, "ವಿಮಲಾ ಆಂಟಿ, ನಮ್ಮ ಅತ್ತೆಗೂ ಹೀಗಾಗಿದೆ, ನೀವು ಹೇಗೆ ಮ್ಯಾನೇಜ್ ಮಾಡಿದಿರಿ?" ಎಂದು ಕೇಳುತ್ತಾರೆ. ಫೋನಿನಲ್ಲಿ ಹೇಳಿದರೆ ಅವರಿಗೆ ಧೈರ್ಯ ಬರುವುದಕ್ಕೆ ಬದಲು ನನಗೆ ಕೆಮ್ಮು ಬರುತ್ತದೆ. ಆದ್ದರಿಂದ ಇದು. ಮೆದುಳಿನ ಯಾವ ನಾಳದಲ್ಲಿ ಏನು ಸಿಕ್ಕಿಕೊಂಡಿತು ಎನ್ನುವುದನ್ನು ಡಾಕ್ಟರುಗಳು ಚಿತ್ರ ಬರೆದು ತೋರಿಸುತ್ತಾರೆ, ಅದನ್ನು ಅವರಿಗೇ ಬಿಡುತ್ತೇನೆ. ನಾನು ಹೇಳಬೇಕೆಂದಿರುವುದು ಒಬ್ಬ ಬೇಸ್‌ಬಾಲ್ ಆಟಗಾರನ ಕಥೆ. ಅವನನ್ನು ನಾನು ನೋಡಿದವಳಲ್ಲ. ಆದರೆ ನನ್ನನ್ನು ಮನೆಗೆ ವಾಪಸ್ಸು ತಂದು ಬಿಟ್ಟವನು ಅವನು.

ಅಪ್ಪರ್ ಹಟ್‌ನಲ್ಲಿ ನನ್ನದೊಂದು ಪುಟ್ಟ ಯೂನಿಟ್ ಇದೆ. ಒಂದು ಬೆಡ್‌ರೂಮ್, ಹಿಂದೆ ಒಂದು ನಿಂಬೆ ಗಿಡ, ಕಿವಿಗೊಟ್ಟರೆ ವೆಲಿಂಗ್ಟನ್‌ಗೆ ಹೋಗುವ ಟ್ರೈನು. ಇಲ್ಲಿನ ಹೈಸ್ಕೂಲಿನಲ್ಲಿ ಮ್ಯಾಥ್ಸ್ ಹೇಳಿಕೊಟ್ಟು ರಿಟೈರ್ ಆದವಳು ನಾನು. ಯಜಮಾನರು ತೀರಿಕೊಂಡ ಮೇಲೆ ದೊಡ್ಡ ಮನೆ ಮಾರಿ ಇದನ್ನು ಕೊಂಡೆ. ಆಂಬುಲೆನ್ಸಿನಲ್ಲಿ ಮಲಗಿದ್ದಾಗ ನನಗೆ ಸಾವಿನ ಭಯ ಬರಲಿಲ್ಲ, ಸತ್ಯವಾಗಿ ಹೇಳುತ್ತೇನೆ. ಬಂದದ್ದು ಒಂದೇ ಭಯ: ಇನ್ನು ನನ್ನನ್ನು ಆ ಮನೆಗೆ ಬಿಡುವುದಿಲ್ಲ.

ಮಗಳು ನಂದಿನಿ ಮಧ್ಯಾಹ್ನದ ಫ್ಲೈಟಿಗೆ ಆಕ್ಲೆಂಡಿನಿಂದ ಬಂದಳು. ಮೈಸೂರಿನಲ್ಲಿ ಹುಟ್ಟಿ ಇಲ್ಲಿ ಬೆಳೆದವಳು, ಮೌಂಟ್ ಆಲ್ಬರ್ಟ್‌ನಲ್ಲಿ ಒಂಟಿಯಾಗಿ ಇದ್ದಾಳೆ. ಎಮರ್ಜೆನ್ಸಿಯ ಪರದೆ ಸರಿಸಿ ಒಳಗೆ ಬಂದವಳೇ ನನ್ನ ಕೆನ್ನೆ ಹಿಡಿದುಕೊಂಡು, "ಅಮ್ಮ, ನಾನ್ಯಾರು ಹೇಳು. ನನ್ನ ಹೆಸರು ಹೇಳಮ್ಮ" ಎಂದಳು.

ನಾನು ಶಕ್ತಿಯನ್ನೆಲ್ಲ ಒಟ್ಟುಗೂಡಿಸಿ ಹೇಳಿದೆ, "ನಂದಿ."

ಮುಂದಿನ ಅಕ್ಷರ ಬರಲೇ ಇಲ್ಲ.

"ಅಯ್ಯೋ, ಬಸವಣ್ಣ ಮಾಡಿಬಿಟ್ಟೆಯಲ್ಲಮ್ಮ ನನ್ನ!" ಎಂದು ಅವಳು ನಗುತ್ತ ನಗುತ್ತಲೇ ಅತ್ತಳು. ಪಕ್ಕದ ಪರದೆಯ ಆಚೆ ಯಾರೋ ಮುದುಕ ಗೊರಕೆ ಹೊಡೆಯುತ್ತಿದ್ದ. ಮುಂದೆ ಎಷ್ಟೋ ದಿನ ನಾವಿಬ್ಬರೂ ಹೀಗೆಯೇ ಇದ್ದೆವು. ನಗು ಯಾವುದು ಅಳು ಯಾವುದು ಎಂದು ಬೇರೆಯವರಿಗೆ ತಿಳಿಯುತ್ತಿರಲಿಲ್ಲ.

ಕಾಲು ಬೇಗ ಮಾತು ಕೇಳಿತು. ವಾಕಿಂಗ್ ಫ್ರೇಮ್ ಹಿಡಿದು ಬಾತ್‌ರೂಮಿನವರೆಗೆ ಹೋಗಿಬರುವಷ್ಟಾದೆ. ನಾಲಿಗೆ ತೊದಲುತ್ತಿತ್ತು, ಬಾಯಿಯ ಬಲಮೂಲೆಯಿಂದ ನನಗೆ ಗೊತ್ತಿಲ್ಲದೆ ಜೊಲ್ಲು ಇಳಿಯುತ್ತಿತ್ತು. ಬಲಗೈ ಮಾತ್ರ ಮಡಿಲಲ್ಲಿ ಯಾರದೋ ಸಾಮಾನಿನ ಹಾಗೆ ಬಿದ್ದಿತ್ತು. ರಿಹ್ಯಾಬ್ ವಾರ್ಡಿಗೆ ಕಳಿಸಿದರು. ಅಲ್ಲಿ ಸಿಕ್ಕಿದವಳು ಲೋಸಾ.

ಲೋಸಾ ಸಮೋವಾ ಮೂಲದವಳು, ಆಕ್ಯುಪೇಷನಲ್ ಥೆರಪಿಸ್ಟ್. ಅಂದರೆ ಸ್ನಾನ, ಬಟ್ಟೆ, ಅಡಿಗೆ, ಊಟ, ಇವನ್ನೆಲ್ಲ ಎರಡನೇ ಸಲ ಕಲಿಸುವ ಟೀಚರು. ಅಗಲ ಭುಜ, ದೊಡ್ಡ ನಗು. ಹಟ್ ಕಣಿವೆಯ ಸಾಫ್ಟ್‌ಬಾಲ್ ಕ್ಲಬ್ಬಿನಲ್ಲಿ ಶನಿವಾರ ಶನಿವಾರ ಆಡುವವಳು. ಅವಳು ಮಾತಾಡಿದ್ದೆಲ್ಲ ಇಂಗ್ಲಿಷೇ ಆದರೂ ನನ್ನ ಕಿವಿಯೊಳಗೆ ಅದು ಕನ್ನಡವಾಗಿಯೇ ಉಳಿದುಬಿಟ್ಟಿದೆ. ಮೊದಲ ದಿನ ಅವಳು ಕೇಳಿದ ಮೊದಲ ಪ್ರಶ್ನೆ: "ವಿಮಲಾ, ನಿಮ್ಮ ಮುಖ್ಯವಾದ ಕೈ ಯಾವುದು?"

"ರೈಟ್. ಆಫ್ ಕೋರ್ಸ್," ಎಂದೆ.

ಎಪ್ಪತ್ತು ವರ್ಷ ಬಲಗೈಯಲ್ಲಿ ಬರೆದವಳು, ಬಲಗೈಯಲ್ಲಿ ಉಂಡವಳು, ಬೋರ್ಡಿನ ಮೇಲೆ ಬಲಗೈಯಿಂದ ಸಾವಿರ ವೃತ್ತ ಎಳೆದವಳು ಬೇರೆ ಏನು ಹೇಳಿಯಾಳು? ಆ ಉತ್ತರದಲ್ಲಿ ತಪ್ಪಿದೆ ಎಂದು ನನಗೆ ಹೊಳೆಯಲೇ ಇಲ್ಲ.

ಊಟದ ಹೊತ್ತಿಗೆ ತೊಂದರೆ ಶುರುವಾಯಿತು. ನರ್ಸ್ ಅರೆದ ಕುಂಬಳಕಾಯಿ ಇಟ್ಟು, ಚಮಚವನ್ನು ನನ್ನ ಎಡಗೈಗೆ ಕೊಟ್ಟಳು. ನಾನು ಅದನ್ನು ತಟ್ಟೆಯ ಪಕ್ಕದಲ್ಲಿಟ್ಟೆ. ಮತ್ತೆ ಕೊಟ್ಟಳು. ಮತ್ತೆ ಇಟ್ಟೆ. "ಎಡಗೈ ಚೆನ್ನಾಗಿದೆಯಲ್ಲ, ಯಾಕೆ ತಿನ್ನಬಾರದು?" ಎಂದು ಕೇಳಿದಳು. ನಮ್ಮವರಲ್ಲಿ ಎಡಗೈಯನ್ನು ಯಾವ ಕೆಲಸಕ್ಕೆ ಮೀಸಲಿಟ್ಟಿದ್ದಾರೆ ಎನ್ನುವುದು ಊಟದ ಹೊತ್ತಿನಲ್ಲಿ ವಿವರಿಸುವ ವಿಷಯವಲ್ಲ. ತಲೆಯಾಡಿಸಿದೆ ಅಷ್ಟೆ. ಕೊನೆಗೆ ಅವಳೇ ತಿನ್ನಿಸಿದಳು. ಕತ್ತಿಗೆ ಬಿಬ್ ಕಟ್ಟಿಸಿಕೊಂಡು, ಮೊಮ್ಮಗಳ ವಯಸ್ಸಿನವಳ ಕೈಯಿಂದ ಗುಟುಕು ಗುಟುಕಾಗಿ ತಿಂದೆ. ಅವಮಾನಕ್ಕಿಂತ ಹಟ ದೊಡ್ಡದಾಗಿತ್ತು.

ನೋಡಲು ಬರುತ್ತಿದ್ದವರಲ್ಲಿ ಶಬಾನಾ ಮುಖ್ಯ. ಧಾರವಾಡದವಳು, ಓದಲು ಬಂದು ಇಲ್ಲೇ ನಿಂತವಳು, ಸರ್ವೇಯರ್ ಕೆಲಸ. ಮೊದಲು ನಮ್ಮ ಸ್ಕೂಲಿನ ಹಿಂದೆ ಫ್ಲಾಟ್‌ಮೇಟ್‌ಗಳ ಜೊತೆ ಇದ್ದಾಗ ಉಪ್ಪಿನಕಾಯಿ ಕೇಳಿಕೊಂಡು ಬಂದವಳು, ಈಗ ಮಗಳಿಗಿಂತ ಹೆಚ್ಚು ಬೈಯುತ್ತಾಳೆ. ಕೆಲಸದ ಬೂಟಿನ ಮಣ್ಣು ಒರೆಸಿಕೊಂಡು, ಇಲ್ಲಿನವರು ಯೂಟ್ ಎನ್ನುವ ಪಿಕಪ್ ಗಾಡಿಯ ಕೀ ಕುಣಿಸುತ್ತ, ಡಬ್ಬಿಯಲ್ಲಿ ಮೆತ್ತಗೆ ಕಲಸಿದ ಅನ್ನ-ಸಾರು ತರುತ್ತಿದ್ದಳು.

"ಆಂಟಿ, ಉಣ್ರಿ."

"ನೀನೇ ತಿನ್ನಿಸು," ಎಂದು ತೊದಲಿದೆ.

"ಯಾಕ್ರೀ? ಎಡಗೈಗೆ ಏನ್ ಧಾಡಿ ಆಗೇತಿ?"

"ಎಡಗೈಲಿ ಅನ್ನ ಮುಟ್ಟಲ್ಲ ನಾನು."

"ನಮ್ಮ ಮನ್ಯಾಗೂ ಬಲಗೈನ ರೀ. ಎಡಗೈ ಮುಂದ ಮಾಡಿದ್ರ ನಮ್ಮವ್ವ ಲಟ್ಟಣಿಗೀಲೆ ಬಾರಸ್ತಿದ್ಲು. ಆದ್ರ ಬಲಗೈ ಮಲಗೇತಿ ಅಂದ್ಮ್ಯಾಲ ದೇವ್ರೇನ್ ಅಟೆಂಡೆನ್ಸ್ ತಗೋತಾನೇನ್ರೀ?" ಎಂದು ಗೊಣಗುತ್ತಲೇ ಅವಳು ತಿನ್ನಿಸಿದಳು.

ಮಾತು ಸುಧಾರಿಸಬೇಕೆಂದರೆ ಮಾತಾಡಬೇಕು. ಲೋಸಾ ನನ್ನ ಕೈಯನ್ನು ಮಡಚಿ ಬಿಡಿಸಿ ಮಾಡುವಾಗಲೆಲ್ಲ, "ಏನಾದರೂ ಹೇಳಿ, ಯಾವುದಾದರೂ ಕಥೆ" ಎನ್ನುತ್ತಿದ್ದಳು. ಮೇಜಿನ ಮೇಲೆ ನೀರಿನ ಜಗ್ ಇತ್ತು, ಬಾಯಿ ಚೂಪಾದದ್ದು. ಅದನ್ನು ನೋಡಿದ ಕೂಡಲೇ ಅರವತ್ತು ವರ್ಷ ನೆನಪಾಗದವನು ನೆನಪಾದ.

ಮೈಸೂರಿನ ನಮ್ಮ ಕಾನ್ವೆಂಟಿನಲ್ಲಿ ಒಬ್ಬರು ಅಮೆರಿಕನ್ ಸಿಸ್ಟರ್ ಇದ್ದರು, ಸಿಸ್ಟರ್ ಬರ್ನಡೆಟ್. ಪಿ.ಟಿ. ಟೀಚರು. ಬಿಳಿ ಅಂಗಿಯ ಅಂಚನ್ನು ಸೊಂಟದ ಬೆಲ್ಟಿಗೆ ಸಿಕ್ಕಿಸಿಕೊಂಡು ನಮಗೆ ಥ್ರೋಬಾಲ್ ಹೇಳಿಕೊಡುತ್ತಿದ್ದರು. ಒಂದು ದಿನ ಹೇಳಿದರು, "ಗರ್ಲ್ಸ್, ಮೈ ಫಾದರ್ ವಾಸ್ ಎ ಪಿಚರ್." ನಮಗೆ ಗೊತ್ತಿದ್ದ ಪಿಚರ್ ಒಂದೇ. ರೀಡರಿನಲ್ಲಿ 'ಪಿ' ಅಕ್ಷರದ ಪಕ್ಕ ಇದ್ದ ನೀರಿನ ಪಾತ್ರೆ. ನನ್ನ ಗೆಳತಿ ಸುಗುಣ ಕಿವಿಯಲ್ಲಿ, "ಅವರಪ್ಪ ಹೂಜಿ ಕಣೇ!" ಎಂದಳು. ಇಡೀ ಕ್ಲಾಸು ಬಾಯಿಗೆ ಸೆರಗು, ರಿಬ್ಬನ್ನು, ಕೈಗೆ ಸಿಕ್ಕಿದ್ದನ್ನೆಲ್ಲ ತುರುಕಿಕೊಂಡಿತು. ಬೇಸ್‌ಬಾಲ್ ಆಟದಲ್ಲಿ ಚೆಂಡು ಎಸೆಯುವವನಿಗೆ ಪಿಚರ್ ಎನ್ನುತ್ತಾರೆ ಎಂದು ಆಮೇಲೆ ತಿಳಿಯಿತು. ಅಷ್ಟರಲ್ಲಿ ಅವರಪ್ಪ ನಮಗೆಲ್ಲ ಹೂಜಿ ತಾತ ಆಗಿದ್ದ.

ಲೋಸಾ ಕೈ ಬಿಟ್ಟು ನಕ್ಕಳು. "ನಾನೂ ಪಿಚರ್! ನನಗೂ ಹೂಜಿ ಅನ್ನಿ." ಅವಳ ಬಾಯಲ್ಲಿ ಅದು 'ಹೂಜೀ' ಆಯಿತು. ಮರುದಿನದಿಂದ ನನ್ನ ಹಾಸಿಗೆಯ ಹತ್ತಿರ ಬರುವಾಗಲೇ, "ಹೂಜೀಗೆ ಮುಂದೇನಾಯಿತು?" ಎಂದು ಕೇಳಿಕೊಂಡು ಬರುತ್ತಿದ್ದಳು. ಹಾಗೆ ದಿನಕ್ಕೆ ಇಷ್ಟಿಷ್ಟು ಎಂದು ಹೇಳಿದೆ. ಒಂದೊಂದು ಪದಕ್ಕೂ ಬೆವರಿಳಿಸಿ ಹೇಳಿದೆ.

ಹೂಜಿ ತಾತ ಕಲ್ಲಿದ್ದಲು ಗಣಿಯ ಊರಿನವನು. ಚಿಕ್ಕಂದಿನಲ್ಲಿ ಇದ್ದಲಿನಿಂದ ಕಲ್ಲು ಆರಿಸುವ ಕೆಲಸ. ಆರಿಸಿದ ಕಲ್ಲನ್ನು ಬೇಲಿಯ ಮೇಲಿನ ತಗಡಿನ ಡಬ್ಬಿಗೆ ಎಸೆದು ಎಸೆದು ಗುರಿ ಕಲಿತ. ಗಣಿಯವರ ತಂಡದಲ್ಲಿ ಆಡುತ್ತಿದ್ದವನನ್ನು ಯಾರೋ ನೋಡಿ ದೊಡ್ಡ ಊರಿನ ಲೀಗಿಗೆ ಕರೆದುಕೊಂಡು ಹೋದರು. ಮೊದಲ ಮಹಾಯುದ್ಧಕ್ಕಿಂತ ಮುಂಚಿನ ಕಾಲ. ಸುಡುವ ಬೇಸಿಗೆಯಲ್ಲೂ ಉಣ್ಣೆಯ ಯೂನಿಫಾರ್ಮ್. ಊರಿಂದೂರಿಗೆ ಟ್ರೈನು. ಒಳ್ಳೆಯ ಹೋಟೆಲುಗಳಲ್ಲಿ ಚೆಂಡಾಟದವರನ್ನು ಪುಂಡರೆಂದು ಸೇರಿಸುತ್ತಲೇ ಇರಲಿಲ್ಲವಂತೆ. ಆದರೆ ಅವನು ಎಸೆದರೆ ಚೆಂಡು ಕಾಣುತ್ತಿರಲಿಲ್ಲ, ಸದ್ದು ಮಾತ್ರ ಕೇಳಿಸುತ್ತಿತ್ತು. ಅಷ್ಟು ವೇಗ. ಆಗೆಲ್ಲ ಒಂದೇ ದಿನ ಎರಡು ಮ್ಯಾಚು ಇದ್ದರೆ ಎರಡಕ್ಕೂ ಅವನನ್ನೇ ನಿಲ್ಲಿಸುತ್ತಿದ್ದರು. ಎಸೆಯುವವನ ಭುಜಕ್ಕೂ ಒಂದು ಆಯಸ್ಸಿದೆ ಎಂದು ಯಾರೂ ಯೋಚಿಸಿರಲಿಲ್ಲ.

ಒಂದು ಬೇಸಿಗೆಯಲ್ಲಿ ಕೈ ಮೇಲೇಳಲಿಲ್ಲ. ಅದನ್ನು ಮುಚ್ಚಿಟ್ಟ. ಬಿಸಿನೀರಿನ ಶಾಖ, ಕುದುರೆಗೆ ಹಚ್ಚುವ ತೈಲ, ಮೂಳೆ ಸರಿಮಾಡುವ ನಾಟಿ ವೈದ್ಯ, ಎಲ್ಲ ಆಯಿತು. ತನ್ನ ತಲೆ ತಾನು ಬಾಚಿಕೊಳ್ಳಲಾಗದೆ ಹೆಂಡತಿಯ ಕೈಯಲ್ಲಿ ಬಾಚಿಸಿಕೊಂಡು ಆಟಕ್ಕೆ ಹೋಗುತ್ತಿದ್ದ. ಕೊನೆಗೆ ತಂಡದವರು ಟ್ರೈನ್ ಹತ್ತಿಸಿ ಊರಿಗೆ ಕಳಿಸಿಬಿಟ್ಟರು.

ಅಲ್ಲಿಗೆ ಬಂದಾಗ ನನ್ನ ನಾಲಿಗೆ ನಿಂತುಹೋಯಿತು. ಲೋಸಾ ಒತ್ತಾಯ ಮಾಡಲಿಲ್ಲ. ನನ್ನ ಬಲಗೈಯನ್ನು ದಿಂಬಿನ ಮೇಲೆ ಮೆಲ್ಲಗೆ ಇಟ್ಟು ಹೋದಳು.

ಮುಂದಿನ ದಿನ ನಾನೇ ಮುಂದುವರಿಸಿದೆ. ಊರಲ್ಲಿ ಸುಮ್ಮನೆ ಕೂತಿದ್ದ ಹೂಜಿ ತಾತನಿಗೆ ಒಬ್ಬ ಹಳೆಯ ಆಟಗಾರ ಭುಜಕ್ಕೆ ಹೆಚ್ಚು ಬಲ ಬೇಡದ ಹೊಸ ವಿದ್ಯೆ ಹೇಳಿಕೊಟ್ಟ. ಒಂದು ಮರದ ತೊಗಟೆಯನ್ನು ನಮ್ಮವರು ಎಲೆ ಅಡಿಕೆ ಹಾಕಿಕೊಂಡಂತೆ ಬಾಯಲ್ಲಿಟ್ಟು ಅಗಿಯುವುದು. ಬಾಯಲ್ಲಿ ಊರಿದ ನೀರನ್ನು ಚೆಂಡಿನ ಒಂದು ಕಡೆಗೆ ಸವರುವುದು. ಎಸೆದರೆ ಚೆಂಡು ಬೆರಳಿನಿಂದ ಜಾರಿ, ತಿರುಗದೆ, ನಿಧಾನವಾಗಿ ಬಂದು, ಬ್ಯಾಟ್ ಹಿಡಿದವನ ಮುಂದೆ ದಿಢೀರನೆ ಕೆಳಗೆ ಬೀಳುತ್ತದೆ. ಅದಕ್ಕೆ ಹೆಸರೇ ಸ್ಪಿಟ್‌ಬಾಲ್. ಆಗ ಅದು ನಿಯಮಕ್ಕೆ ವಿರುದ್ಧವಾಗಿರಲಿಲ್ಲ.

ಸಿಸ್ಟರ್ ಇದನ್ನು ಹೇಳಿದ ದಿನ ನಮ್ಮ ಕ್ಲಾಸು ಒಟ್ಟಿಗೆ ಕಿರುಚಿತ್ತು, "ಸಿಸ್ಟರ್! ಎಂಜಲು!"

"ವಾಟ್ ಈಸ್ ಎಂಜಲು?" ಎಂದು ಅವರು ಕೇಳಿದರು. ಯಾರಿಗೂ ಹೇಳಲು ಬರಲಿಲ್ಲ. ಸುಗುಣ ಎದ್ದು ನಿಂತು, "ಸಿಸ್ಟರ್, ಇಂಗ್ಲಿಷ್‌ನವರ ಹತ್ತಿರ ಅದಿಲ್ಲ" ಎಂದಳು.

ಇದನ್ನು ಹೇಳುತ್ತಿರುವಾಗ ನನ್ನದೇ ಜೊಲ್ಲು ಬಾಯಿಯ ಮೂಲೆಯಿಂದ ಇಳಿದು ಲೋಸಾಳ ಕೈಮೇಲೆ ಬಿತ್ತು. ನಾನು ನಾಚಿಕೆಯಿಂದ ಮುಖ ತಿರುಗಿಸಿದೆ. ವಾರ್ಡಿನಲ್ಲಿ ಯಾರೊಡನೆಯೂ ಮಾತಾಡದೆ ಕರ್ಚೀಫು ಒತ್ತಿಕೊಂಡು ಕೂರುತ್ತಿದ್ದದ್ದು ಇದಕ್ಕೇ. ಲೋಸಾ ಕೈ ಒರೆಸಿಕೊಳ್ಳಲೂ ಇಲ್ಲ. ಗಂಭೀರವಾಗಿ, "ಚೆಂಡು ರೆಡಿ ಮಾಡ್ತಾ ಇದೀರಾ, ವಿಮಲಾ?" ಎಂದಳು.

ನಕ್ಕುಬಿಟ್ಟೆ. ಆಸ್ಪತ್ರೆಗೆ ಬಂದ ಮೇಲೆ ಹೊಟ್ಟೆಯಿಂದ ನಕ್ಕದ್ದು ಅದೇ ಮೊದಲು. ಆವತ್ತಿನಿಂದ ಕರ್ಚೀಫು ಜೇಬಿಗೆ ಹೋಯಿತು. ಇಳಿದರೆ ಇಳಿಯಲಿ. ಒರೆಸಿಕೊಂಡು ಮಾತು ಮುಂದುವರಿಸಿದರಾಯಿತು. ಓದುತ್ತಿರುವವರಲ್ಲಿ ಯಾರಿಗಾದರೂ ಹೀಗಾಗಿದ್ದರೆ ನನ್ನ ಒಂದೇ ಅಡ್ವೈಸ್ ಇದು: ಜೊಲ್ಲಿಗೆ ಹೆದರಿ ಮಾತು ನಿಲ್ಲಿಸಬೇಡಿ.

ಇಷ್ಟೆಲ್ಲದರ ನಡುವೆ ಕಿಚನ್ ಅಸೆಸ್ಮೆಂಟ್ ಬಂತು. ಒಂಟಿಯಾಗಿರುವವರನ್ನು ಮನೆಗೆ ಕಳಿಸುವ ಮೊದಲು, ಆಸ್ಪತ್ರೆಯಲ್ಲೇ ಇರುವ ಒಂದು ಅಡಿಗೆಮನೆಯಲ್ಲಿ ಅವರಿಂದ ಏನಾದರೂ ಮಾಡಿಸಿ ನೋಡುತ್ತಾರೆ. ಪಾಸಾದರೆ ಮನೆ. ಇಲ್ಲದಿದ್ದರೆ ಮಗಳ ಮನೆಯೋ, ರೆಸ್ಟ್ ಹೋಮ್ ಎನ್ನುವ ವೃದ್ಧಾಶ್ರಮವೋ. ಇದನ್ನು ಯಾರೂ ಇಷ್ಟು ನೇರವಾಗಿ ಹೇಳಲಿಲ್ಲ. ಆದರೆ ಪರೀಕ್ಷೆಗಳನ್ನು ಕೊಟ್ಟು ಬದುಕಿದ ಟೀಚರಿಗೆ ಪರೀಕ್ಷೆಯ ವಾಸನೆ ಗೊತ್ತಾಗುತ್ತದೆ. ನಂದಿನಿಯೂ ಬಂದು ಮೂಲೆಯಲ್ಲಿ ನಿಂತಿದ್ದಳು.

"ಜಗ್ ಆನ್ ಮಾಡಿ, ವಿಮಲಾ," ಎಂದಳು ಲೋಸಾ. ಈ ದೇಶದಲ್ಲಿ ನೀರು ಕಾಯಿಸುವ ಎಲೆಕ್ಟ್ರಿಕ್ ಕೆಟಲ್‌ಗೂ ಜಗ್ ಎನ್ನುತ್ತಾರೆ. ಎಲ್ಲಿ ಹೋದರೂ ಹೂಜಿ ತಪ್ಪಲಿಲ್ಲ.

ನಾನು ಬಲಗೈಯನ್ನೇ ಮುಂದೆ ಮಾಡಿದೆ. ಅಷ್ಟು ಹೊತ್ತಿಗೆ ಬೆರಳು ಸ್ವಲ್ಪ ಮಡಚುತ್ತಿದ್ದವು. ಎಡಗೈಯಿಂದ ಬಲಮಣಿಕಟ್ಟನ್ನು ಎತ್ತಿ ಜಗ್ಗಿನ ಹಿಡಿಗೆ ಸಿಕ್ಕಿಸಿ ಎತ್ತಿದೆ. ಅರ್ಧ ದಾರಿಯಲ್ಲಿ ಕೈ ಬಿಟ್ಟುಕೊಟ್ಟಿತು. ಪುಣ್ಯಕ್ಕೆ ತಣ್ಣೀರು. ಲೋಸಾಳ ಶೂ, ನನ್ನ ಸೀರೆ, ನೆಲ, ಎಲ್ಲ ಒದ್ದೆ. "ಎಡಗೈ ಬಳಸಿ" ಎಂದಳು ಲೋಸಾ. ನಾನು ಕೇಳಲಿಲ್ಲ. ಮತ್ತೆ ಬಲಗೈಯನ್ನೇ ಚಾಚಿದೆ. ಈ ಸಲ ಟೀ ಕಪ್ಪು ಬಿದ್ದು ಒಡೆಯಿತು.

ನಂದಿನಿ ಬಂದು ನನ್ನ ತೋಳು ಹಿಡಿದಳು. "ಅಮ್ಮ, ಸಾಕು. ಮೌಂಟ್ ಆಲ್ಬರ್ಟ್‌ಗೆ ಬಂದುಬಿಡು. ರೂಮ್ ರೆಡಿ ಮಾಡಿದೀನಿ. ಹೊಸಾ ಕರ್ಟನ್ ಹಾಕಿದೀನಿ."

"ನೀನು ಬೆಳಿಗ್ಗೆ ಹೋದರೆ ಸಾಯಂಕಾಲ ಬರ್ತೀಯ. ಅಲ್ಲಿವರೆಗೂ ನಾನು ಏನ್ ಮಾಡ್ಲಿ? ನ್ಯೂ ನಾರ್ತ್ ರೋಡ್ ಬಸ್ ಎಣಿಸ್ಲಾ?"

"ಇಲ್ಲಿ ನೀನೊಬ್ಬಳೇ ಬಿದ್ದರೆ? ದಿನಾ ಹಿತೇಶ್ ಬಂದು ಸ್ಮೈಲ್ ಮಾಡಿ ಅಂತ ಕೇಳ್ತಾನಾ? ನನಗೆ ಫೋನ್ ಬಂದಾಗಲೆಲ್ಲ ಎದೆ ಹೊಡ್ಕೊಳತ್ತಮ್ಮ. ಆಫೀಸಲ್ಲಿ ಫೋನ್ ತಿರುಗಿಸಿ ಇಟ್ಕೊತೀನಿ, ನೋಡೋಕೆ ಧೈರ್ಯ ಇಲ್ಲದೆ."

ಅವಳು ಹೇಳಿದ್ದರಲ್ಲಿ ಸುಳ್ಳೊಂದೂ ಇರಲಿಲ್ಲ. ಲೋಸಾ ನೆಲ ಒರೆಸುತ್ತಲೇ, "ಫ್ಯಾಮಿಲಿ ಮೀಟಿಂಗಿಗಿಂತ ಮೊದಲು ಇನ್ನೊಂದು ಸಲ ಟ್ರೈ ಮಾಡೋಣ" ಎಂದಳು. ನನ್ನನ್ನು ಎಲ್ಲಿಗೆ ಕಳಿಸುವುದೆಂದು ಡಾಕ್ಟರು ಮನೆಯವರ ಜೊತೆ ಕೂತು ತೀರ್ಮಾನಿಸುವ ಮೀಟಿಂಗು ಅದು. ಇನ್ನೊಂದೇ ಸಲ ಎಂದು ನನಗೆ ಅರ್ಥವಾಯಿತು.

ಮರುದಿನ ಲೋಸಾ ಕಾಳು ತುಂಬಿದ ಪುಟ್ಟ ಬಟ್ಟೆಚೀಲಗಳನ್ನು ತಂದಳು, ಬಲಗೈಯ ಎಕ್ಸರ್‌ಸೈಜಿಗೆ. ನಾನು ಮುನಿಸಿಕೊಂಡು ಕೂತಿದ್ದೆ. ಮಾತಿಗೆಳೆಯಲು ಅವಳು, "ಹೂಜೀ ಯಾವ ಕೈಯಲ್ಲಿ ಎಸೆಯುತ್ತಿದ್ದ?" ಎಂದು ಕೇಳಿದಳು.

"ಎಡಗೈ," ಎಂದೆ. "ಎಡಚ ಅವನು."

"ಅಯ್ಯೋ, ಇಷ್ಟು ದಿನ ಹೇಳಲೇ ಇಲ್ಲ! ಎಡಗೈಯವರ ಚೆಂಡು ಆಡೋದು ಬಹಳ ಕಷ್ಟ," ಎನ್ನುತ್ತ ಲೋಸಾ ತಮಾಷೆಗೆ ಒಂದು ಚೀಲವನ್ನು ನನ್ನ ಕಡೆ ಬೀಸಿ ಎಸೆದಳು.

ನಾನು ಅದನ್ನು ಹಿಡಿದೆ. ಎಡಗೈಯಲ್ಲಿ. ಹಿಡಿದದ್ದಷ್ಟೇ ಅಲ್ಲ, ಯೋಚಿಸುವ ಮೊದಲೇ ಅದೇ ಕೈಯನ್ನು ಭುಜದ ಮೇಲೆ ತಂದು ವಾಪಸ್ಸು ಎಸೆದೆ. ಚೀಲ ನೇರವಾಗಿ ಹೋಗಿ ಲೋಸಾಳ ಕೈಯಲ್ಲಿ ಕೂತಿತು.

ಲೋಸಾ ಒಮ್ಮೆ ಚೀಲವನ್ನು ನೋಡಿದಳು, ಒಮ್ಮೆ ನನ್ನ ಎಡಗೈಯನ್ನು.

"ಇನ್ನೊಂದು," ಎಂದಳು. ಎಸೆದೆ. ಬಾಗಿಲಿನ ಹಿಡಿಕೆಗೆ ಗುರಿಯಿಟ್ಟು ಎಸೆಯಿರಿ ಎಂದಳು. ಹಿಡಿಕೆಗೇ ಬಿತ್ತು. "ವಿಮಲಾ," ಎಂದು ಹತ್ತಿರ ಬಂದು ಕೂತಳು, "ಯಾವ ಕೈ ಮುಖ್ಯ ಎಂದು ಕೇಳಿದಾಗ ರೈಟ್ ಎಂದಿರಲ್ಲ? ನಿಜವಾಗಿಯೂ?"

ಆಗ ಎಲ್ಲ ಬಂತು. ಮನೆಯಲ್ಲಿ ಎಷ್ಟೋ ಸಲ ನಗುತ್ತ ಹೇಳಿಕೊಂಡ ಕಥೆ ಅದು, ಆದರೆ ಅದು ನನ್ನ ಮೈಯ ಕಥೆ ಎಂದು ನಾನು ಯಾವತ್ತೂ ಕೇಳಿಸಿಕೊಂಡಿರಲಿಲ್ಲ. ಮಗುವಾಗಿದ್ದಾಗ ನಾನು ತಟ್ಟೆಗೆ ಹಾಕುತ್ತಿದ್ದದ್ದು ಎಡಗೈ. ನಮ್ಮಜ್ಜಿ ಹಳೆಯ ಪಂಚೆಯ ಅಂಚು ಹರಿದು ಆ ಕೈಯನ್ನು ಲಂಗದ ಲಾಡಿಗೆ ಸೇರಿಸಿ ಕಟ್ಟಿ ಊಟಕ್ಕೆ ಕೂರಿಸುತ್ತಿದ್ದರು. "ಹೆಣ್ಣುಮಗು, ನಾಳೆ ಯಾರಿಗಾದರೂ ಬಡಿಸಬೇಡವೇನೇ?" ಎನ್ನುತ್ತಿದ್ದರು. ಕಾನ್ವೆಂಟಿಗೆ ಸೇರಿದರೆ ಅಲ್ಲಿ ಸ್ಲೇಟಿನ ಮೇಲೆ ಎಡಗೈ ಕಂಡರೆ ರೂಲರ್ ಬೀಳುತ್ತಿತ್ತು. ಒಂದೆರಡು ವರ್ಷದಲ್ಲಿ ನಾನು ಬಲಗೈಯವಳಾದೆ. ಎಷ್ಟು ಚೆನ್ನಾಗಿ ಆದೆ ಎಂದರೆ ನನಗೇ ಮರೆತುಹೋಯಿತು. ನಂದಿನಿ ಚಿಕ್ಕವಳಿದ್ದಾಗ ಅವಳಿಗೆ, "ಬಲಗೈಲಿ ಕೊಡು, ಬಲಗೈಲಿ ತಗೋ" ಎಂದು ದಿನಕ್ಕೆ ನೂರು ಸಲ ಹೇಳಿದವಳೂ ನಾನೇ.

ಎಡಗೈಗೆ ರಜೆ ಸಿಕ್ಕುತ್ತಿದ್ದದ್ದು ಒಂದೇ ಕಡೆ. ಥ್ರೋಬಾಲಿನಲ್ಲಿ ಎರಡು ಕೈಯಲ್ಲಿ ಹಿಡಿದು ಒಂದು ಕೈಯಲ್ಲಿ ಎಸೆಯಬೇಕು. ನಾನು ಒಂದು ಸಲ ಮೈಮರೆತು ಎಡಗೈಯಲ್ಲಿ ಎಸೆದೆ. ಸಿಸ್ಟರ್ ಬರ್ನಡೆಟ್ ಸೀಟಿ ಊದಿದರು. ಬೈಗುಳಕ್ಕೆ ಕಾದು ನಿಂತಿದ್ದರೆ ಅವರು, "ಡು ದಟ್ ಅಗೇನ್, ಚೈಲ್ಡ್" ಎಂದರು. ಎಸೆದೆ. "ನಮ್ಮಪ್ಪನ ಹಾಗೇ ಎಸೆಯುತ್ತೀ" ಎಂದರು. ಆಮೇಲೆ ಆ ಮೈದಾನದಲ್ಲಿ ಯಾರೂ ನನ್ನ ಕೈ ಬದಲಿಸಲು ಹೇಳಲಿಲ್ಲ.

ಲೋಸಾಳಿಗೆ ಇದನ್ನೆಲ್ಲ ಹೇಳಲು ಇಡೀ ಸೆಷನ್ ಹಿಡಿಯಿತು. ಅವಳು ಕೇಳಿ ಮುಗಿಸಿ ಎಂದದ್ದು ಇಷ್ಟೇ: "ಹಾಗಾದರೆ ಸ್ಟ್ರೋಕ್ ತಪ್ಪು ಕೈಯನ್ನು ಹಿಡಿದಿದೆ."

ಸಾಯಂಕಾಲ ಶಬಾನಾ ಮೊಸರನ್ನ ತಂದಳು. ಅವಳಿಗೂ ಹೇಳಿದೆ. ಹೇಳಿದ ಮೇಲೂ ತಟ್ಟೆಯ ಮುಂದೆ ಎಡಗೈ ಅಂಜುತ್ತಿತ್ತು. ಅಜ್ಜಿ ತೀರಿಕೊಂಡು ಅರ್ಧ ಶತಮಾನವಾಗಿದೆ, ಆದರೂ ಲಂಗದ ಲಾಡಿ ಬಿಚ್ಚಿರಲಿಲ್ಲ.

"ನೀವು ಕಾನ್ವೆಂಟ್‌ನ್ಯಾಗ ಓದಿದವ್ರಲ್ರೀ ಆಂಟಿ, ಫೋರ್ಕ್ ಯಾವ ಕೈಯಾಗ ಹಿಡೀಬೇಕಂತ ಕಲ್ಸಿದ್ರು?"

"ಎಡಗೈ," ಎಂದೆ.

"ನೋಡ್ರಿ ಮತ್ತ! ಅದs ಕೈಯಾಗ ಬರದ್ರ ಹೊಡಿಯೋದು, ಅದs ಕೈಯಾಗ ತಿನ್ನು ಅನ್ನೋದು. ಅವ್ರಿಗೇ ಕ್ಲಿಯರ್ ಇಲ್ಲ, ನೀವ್ಯಾಕ ಹೆದರ್ತೀರಿ? ತಡೀರಿ, ನಾನೂ ಎಡಗೈಲೇ ಉಣ್ತೀನಿ. ಪಾಪ ಬಂದ್ರ ಇಬ್ರಿಗೂ ಅರ್ಧ ಅರ್ಧ."

ಇಬ್ಬರೂ ತಟ್ಟೆಗೆ ಎಡಗೈ ಇಟ್ಟೆವು. ಶಬಾನಾಳ ತುತ್ತು ಅರ್ಧ ದಾರಿಯಲ್ಲೇ ಬೆರಳ ಸಂದಿಯಿಂದ ಜಾರಿ ಅವಳ ಕೆಲಸದ ಪ್ಯಾಂಟಿನ ಮೇಲೆ ಬಿತ್ತು. ಎರಡನೆಯದು ಗದ್ದಕ್ಕೆ. ನನ್ನ ಬೆರಳುಗಳು ಅನ್ನವನ್ನು ಕೂಡಿಸಿ, ಒತ್ತಿ, ಹೆಬ್ಬೆರಳಿನಿಂದ ಬಾಯಿಗೆ ತಳ್ಳಿದವು. ಒಂದು ಅಗುಳೂ ಬೀಳಲಿಲ್ಲ. ಯಾರೂ ಕಲಿಸಿರದ ಕೆಲಸವನ್ನು ಅವು ಎಷ್ಟೋ ದಿನದಿಂದ ಕಲಿತು ಕಾದಿದ್ದಂತೆ ಇತ್ತು.

"ಯಪ್ಪಾ," ಎಂದಳು ಶಬಾನಾ, ಗದ್ದದ ಮೊಸರು ಒರೆಸಿಕೊಳ್ಳುವುದನ್ನೂ ಮರೆತು. "ಆಂಟಿ, ನೀವು ಹುಟ್ಟಾ ಎಡಚಿನ ರೀ!"

ಎರಡನೆಯ ಅಸೆಸ್ಮೆಂಟಿಗೆ ಟೀ ಬೇಡ, ಉಪ್ಪಿಟ್ಟು ಮತ್ತು ಕಾಫಿ ಮಾಡುತ್ತೇನೆ ಎಂದು ನಾನೇ ಹೇಳಿದೆ. ಲೋಸಾ, "ಆರ್ ಯು ಶೂರ್?" ಎಂದಳು. ಬ್ಯಾಟ್ ಹಿಡಿದವರಿಗೆ ಕನಿಕರ ತೋರಿಸಬಾರದು ಎಂದು ಹೂಜಿ ತಾತ ಹೇಳುತ್ತಿದ್ದನಂತೆ ಎಂದೆ. ಅದು ನಾನೇ ಆ ಕ್ಷಣಕ್ಕೆ ಹುಟ್ಟಿಸಿದ್ದು.

ಈರುಳ್ಳಿಯನ್ನು ಬಲಗೈಯ ಭಾರದ ಕೆಳಗೆ ಇಟ್ಟೆ. ಹಿಡಿಯಲಾಗದ ಕೈ ಒತ್ತಿಹಿಡಿಯುವುದಕ್ಕೆ ಬರುತ್ತದೆ. ಚಾಕು ಎಡಗೈಯಲ್ಲಿ. ಹೆಚ್ಚಿದ ಹೋಳು ಸಣ್ಣವೇನೂ ಆಗಿರಲಿಲ್ಲ. ರವೆ ಹುರಿದೆ, ಒಗ್ಗರಣೆ ಹಾಕಿದೆ, ಜಗ್ಗಿನ ಬಿಸಿನೀರನ್ನು ಎಡಗೈಯಿಂದ ಸುರಿದೆ. ಒಂದು ಸಲ ಸೌಟು ಜಾರಿತು. ಬಗ್ಗಿ ಎತ್ತಿಕೊಳ್ಳದೆ, ಇನ್ನೊಂದು ತೆಗೆದುಕೊಂಡೆ. ಅದಕ್ಕೂ ಮಾರ್ಕ್ಸ್ ಸಿಕ್ಕಿತೆಂದು ಆಮೇಲೆ ಗೊತ್ತಾಯಿತು. ನಂದಿನಿ ಮೂಲೆಯಲ್ಲಿ ಎರಡು ಕೈಯನ್ನೂ ಕಟ್ಟಿಕೊಂಡು ನಿಂತಿದ್ದಳು, ಕಟ್ಟದಿದ್ದರೆ ಅವು ಸಹಾಯಕ್ಕೆ ಓಡಿಬರುತ್ತವೆ ಎನ್ನುವ ಹಾಗೆ.

ತಟ್ಟೆಗೆ ಹಾಕಿ ಅವಳ ಮುಂದೆ ಹಿಡಿದೆ. ಅವಳು ಅಭ್ಯಾಸಬಲದಿಂದ, "ಅಮ್ಮ, ಎಡಗೈಲಿ ಕೊಡ್ತಿದೀಯ…" ಎಂದು ಅರ್ಧಕ್ಕೆ ನಿಲ್ಲಿಸಿದಳು.

"ಬಲ ಇರೋದೇ ಬಲಗೈ ಕಣೇ. ತಗೋ."

ಎರಡೂ ಕೈಯಲ್ಲಿ ತೆಗೆದುಕೊಂಡಳು. ನಿಂತಲ್ಲೇ ತಿಂದಳು. ತಿನ್ನುತ್ತ ತಿನ್ನುತ್ತ, "ಉಪ್ಪು ಸಾಲದು" ಎಂದಳು. ಆಸ್ಪತ್ರೆಗೆ ಸೇರಿದ ಮೇಲೆ ಅವಳು ನನ್ನಲ್ಲಿ ತಪ್ಪು ಹುಡುಕಿದ್ದು ಅದೇ ಮೊದಲು. ಅಲ್ಲಿಯವರೆಗೆ ನಾನು ಏನು ಮಾಡಿದರೂ "ವೆರಿ ಗುಡ್ ಅಮ್ಮ" ಎನ್ನುತ್ತಿದ್ದಳು, ಮಗುವಿಗೆ ಹೇಳುವ ಹಾಗೆ. ನನಗೆ ಆಗಲೇ ಪಾಸಾದದ್ದು ಗೊತ್ತಾಯಿತು.

ಫ್ಯಾಮಿಲಿ ಮೀಟಿಂಗಿನಲ್ಲಿ ಡಾಕ್ಟರ್ ನಂದಿನಿಯ ಕಡೆ ತಿರುಗಿ, "ನಿಮ್ಮ ಅಭಿಪ್ರಾಯ?" ಎಂದರು. ಅವಳಿಗೆ ಇನ್ನೂ ಹೆದರಿಕೆ ಇತ್ತು, ಮುಖದಲ್ಲೇ ಕಾಣುತ್ತಿತ್ತು. "ಶಿ ಈಸ್ ಗೋಯಿಂಗ್ ಹೋಮ್," ಎಂದಳು. "ಅವಳ ಮನೆಗೆ." ಬೆಳಿಗ್ಗೆ ಸ್ನಾನಕ್ಕೆ ಸಹಾಯಕ್ಕೊಬ್ಬರು, ಕತ್ತಿಗೆ ಹಾಕಿಕೊಳ್ಳಲು, ಒತ್ತಿದರೆ ಸಹಾಯ ಬರುವ ಒಂದು ಅಲಾರ್ಮ್. ತಾಳಿ ತೆಗೆದಿಟ್ಟ ಎಷ್ಟೋ ವರ್ಷಕ್ಕೆ ಮತ್ತೆ ಕತ್ತಿನಲ್ಲಿ ಒಂದು ನೇತಾಡುತ್ತಿದೆ.

ಹೊರಡುವ ದಿನ ಲೋಸಾ ಕೇಳಿದಳು, "ಹೂಜೀಗೆ ಕೊನೆಗೆ ಏನಾಯಿತು?" ನಾನು ಮುಗಿಸಿಯೇ ಇರಲಿಲ್ಲ. ಅವನು ಆ ನಿಧಾನದ ಚೆಂಡಿನಿಂದ, ವೇಗವಿದ್ದಾಗ ಆಡಿದ್ದಕ್ಕಿಂತ ಹೆಚ್ಚು ವರ್ಷ ಆಡಿದ, ದೊಡ್ಡ ಊರಿನಲ್ಲಲ್ಲ, ಸಣ್ಣ ಊರುಗಳಲ್ಲಿ. ಆಮೇಲೆ ಎಂಜಲು ಚೆಂಡನ್ನು ನಿಷೇಧಿಸಿದರು. ಕೆಲವು ಹಳಬರಿಗೆ ವಿನಾಯಿತಿ ಸಿಕ್ಕಿತು, ಅವನಿಗೆ ಸಿಗಲಿಲ್ಲ. ಊರಿಗೆ ಬಂದು ಗಣಿಯವರ ಮಕ್ಕಳಿಗೂ ತನ್ನ ಮಗಳಿಗೂ ಎಸೆಯುವುದನ್ನು ಕಲಿಸಿದ. "ಮೊದಲಿನ ಆಟ ಜನಕ್ಕೆ ಇಷ್ಟವಾಯಿತು, ಎರಡನೆಯದಕ್ಕೆ ಬ್ಯಾಟ್‌ನವರು ಹೆದರಿದರು" ಎನ್ನುತ್ತಿದ್ದನಂತೆ. ಇದು ನಾನು ಹುಟ್ಟಿಸಿದ್ದಲ್ಲ, ಸಿಸ್ಟರ್ ಹೇಳಿದ್ದು.

ಈಗ ವರ್ಷದ ಮೇಲಾಯಿತು. ಬಲಗೈ ಪೂರ್ತಿ ಬಂದಿಲ್ಲ, ಬರುವುದೂ ಇಲ್ಲ. ಸುಸ್ತಾದ ದಿನ ಈಗಲೂ ಮಾತು ಜಾರುತ್ತದೆ. ಕನ್ನಡದವರ ಊಟಕ್ಕೆ ಹೋದಾಗ ನನ್ನ ಎಲೆಯ ಕಡೆ ಕಣ್ಣು ಬೀಳುತ್ತದೆ. ಬೀಳಲಿ. ಒಬ್ಬರು ಅಂಕಲ್, "ಚಮಚ ತರಿಸಲಾ ಮೇಡಂ?" ಎಂದು ನಯವಾಗಿ ಕೇಳಿದರು. "ಪಾಯಸಕ್ಕೆ ತರಿಸಿ, ಅನ್ನಕ್ಕೆ ಕೈ ಇದೆ" ಎಂದೆ.

ಹೋದ ತಿಂಗಳು ನಂದಿನಿಗೆ ಫ್ಲೂ ಜೋರಾಯಿತು. ಫೋನಿನಲ್ಲಿ ಅವಳ ಧ್ವನಿ ಕೇಳಿದ ಕೂಡಲೇ ಟಿಕೆಟ್ ತೆಗೆದುಕೊಂಡೆ, ಹೋಗಲೂ ಬರಲೂ. ಶಬಾನಾ ಏರ್‌ಪೋರ್ಟಿಗೆ ಬಿಟ್ಟಳು. ಮೌಂಟ್ ಆಲ್ಬರ್ಟ್ ಮನೆಯ ಬಾಗಿಲು ತೆರೆದ ನಂದಿನಿಗೆ ನಿಲ್ಲಲೂ ಶಕ್ತಿಯಿರಲಿಲ್ಲ. "ನೀನ್ಯಾಕೆ ಬಂದೆಯಮ್ಮ, ನಿನಗೇ ಹುಷಾರಿಲ್ಲ" ಎಂದಳು. ನಾನು ನೇರವಾಗಿ ಅಡಿಗೆಮನೆಗೆ ಹೋದೆ. ತೆಳ್ಳಗೆ ಮೆಣಸಿನ ಸಾರು ಮಾಡಿ, ಅನ್ನಕ್ಕೆ ಹಾಕಿ ಕಲಸಿ ಅವಳ ಹಾಸಿಗೆಯ ಪಕ್ಕ ಕೂತೆ. ಚಮಚ ಹುಡುಕಲು ಬೇಜಾರಾಯಿತು. ತುತ್ತು ಮಾಡಿ ತುಟಿಯ ಹತ್ತಿರ ಹಿಡಿದೆ.

ಅವಳು ಕಣ್ಣು ಬಿಡಲಿಲ್ಲ. ಯಾವ ಕೈ ಎಂದು ನೋಡಲಿಲ್ಲ. ಬಾಯಿ ತೆರೆದು ತಿಂದು, ಇನ್ನೊಂದು ತುತ್ತಿಗೆ ಮತ್ತೆ ಬಾಯಿ ತೆರೆದಳು.